ಸುಲೋಚನಮ್ಮ ಗಂಡನಿಗಾಗಿ ಬರೆದ ಪದರ

ಶನಿವಾರಸಂತೆಯಲ್ಲಿ ಸುಲೋಚನಮ್ಮನವರ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಕಂಪ್ಯೂಟರ್ ಟೀಚರಮ್ಮ ಎಂದು ಕೇಳಿದರೆ ಬಸ್ ಸ್ಟ್ಯಾಂಡಿನ ಆಟೋದವರೆಲ್ಲ ಒಟ್ಟಿಗೆ ಕೈ ತೋರಿಸುತ್ತಾರೆ. ಕುಶಾಲನಗರದ ಕಡೆ ಪಾಲಿಟೆಕ್ನಿಕ್ ಮಕ್ಕಳಿಗೆ ಪಾಠ ಹೇಳಿ, ಬೆಳಿಗ್ಗೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದು, ಅರ್ಧ ಆಯಸ್ಸನ್ನು ಕಿಟಕಿ ಪಕ್ಕದ ಸೀಟಿನಲ್ಲೇ ಸವೆಸಿದವರು ಅವರು. ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, “ಇನ್ನು ಆರಾಮಾಗಿರಿ ಮೇಡಂ” ಎಂದು ಎಲ್ಲರೂ ಹರಸಿದರು. ಸುಲೋಚನಮ್ಮ ನಕ್ಕು ತಲೆಯಾಡಿಸಿದರು. ಆರಾಮ ಎಂದರೆ ಏನು ಎಂಬುದರ ಬಗ್ಗೆ ಅವರಿಗೆ ಅವರದೇ ಒಂದು ಯೋಚನೆಯಿತ್ತು.

ಅವರು ಹೇಳುತ್ತಿದ್ದ ಪಾಠಗಳಲ್ಲಿ ಫೈಲ್ ಸಿಸ್ಟಂ ಎಂಬುದೊಂದು ಅಧ್ಯಾಯ. ಡಿಸ್ಕಿನಲ್ಲಿ ಫೈಲುಗಳನ್ನು ಎಲ್ಲಿಡಬೇಕು, ಹೇಗೆ ಹುಡುಕಬೇಕು, ಹೇಗೆ ಅಳಿಸಬೇಕು ಅನ್ನುವುದನ್ನೆಲ್ಲ ನೋಡಿಕೊಳ್ಳುವ ಭಾಗ ಅದು. ಪ್ರತಿವರ್ಷ ಆ ಅಧ್ಯಾಯ ಬರುವ ಹೊತ್ತಿಗೆ ಪರೀಕ್ಷೆ ಬಾಗಿಲಿಗೆ ಬಂದಿರುತ್ತಿತ್ತು. ಓಡಿಸಿಕೊಂಡು ಮುಗಿಸಬೇಕಿತ್ತು. ಇನ್ನು ಯಾವ ಪರೀಕ್ಷೆಯೂ ಇಲ್ಲ, ಓಡಿಸುವವರೂ ಇಲ್ಲ, ಕಂಪ್ಯೂಟರಿನ ಒಳಗಿನ ಒಳಗಿರುವ ತಿರುಳಿಗೆ, ಅಂದರೆ ಕರ್ನಲ್‌ಗೇ ಕೈ ಹಾಕುತ್ತೇನೆ ಎಂದು ಅವರು ತೀರ್ಮಾನ ಮಾಡಿದರು.

ಕೊಡಗಿನಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಅಪಾಯ ಎಂಬುದು ಅವರಿಗೆ ಹೊಳೆದಿರಲಿಲ್ಲ.

“ಈಗ ಮನೇಲಿ ಕೂತು ಏನ್ ಮಾಡ್ತಿದ್ದೀರಿ ಟೀಚರಮ್ಮ?” ಎಂದು ಕೇಳಿದವರು ಪಕ್ಕದ ಮನೆಯ ಚಲುವಮ್ಮ.

“ಕರ್ನಲ್ ಕೆಲಸ.”

“ಯಾವ ಕರ್ನಲ್ಲು? ಪೊನ್ನಂಪೇಟೆಯೋರಾ, ವಿರಾಜಪೇಟೆ ಕಡೆಯೋರಾ?”

“ಅಯ್ಯೋ, ಮನುಷ್ಯ ಅಲ್ಲ ಚಲುವಮ್ಮ. ಕಂಪ್ಯೂಟರ್ ಒಳಗಿರೋದು.”

“ಓ, ವೀಡಿಯೋ ಕಾಲಲ್ಲಿ ಬರ್ತಾರಾ!”

ಮುಂದಿನ ಸಂತೆಯ ಹೊತ್ತಿಗೆ ಊರಿಗೆಲ್ಲ ಸುದ್ದಿಯಾಗಿತ್ತು. ಟೀಚರಮ್ಮ ಯಾರೋ ರಿಟೈರ್ಡ್ ಕರ್ನಲ್ ಹತ್ತಿರ ಕೆಲಸಕ್ಕಿದ್ದಾರಂತೆ, ಆ ಮನುಷ್ಯ ಬಹಳ ಕಟ್ಟುನಿಟ್ಟಂತೆ, ಒಂದು ಅಕ್ಷರ ತಪ್ಪಿದರೂ ಒಪ್ಪುವುದಿಲ್ಲವಂತೆ. ಕಟಿಂಗ್ ಶಾಪಿನಲ್ಲಿ ಯಾರೋ ಅವರ ಗಂಡ ನಂಜಪ್ಪನವರನ್ನು ತಡೆದು, “ಕರ್ನಲ್ಲಿಂದ ನಿಮ್ಮನೆಯೋರಿಗೆ ಭಾರೀ ತೊಂದರೆಯಂತೆ, ಹೌದಾ?” ಎಂದು ಕೇಳಿದರು. ‘ಇವತ್ತೂ ಕರ್ನಲ್ ಬಿದ್ದುಹೋಯ್ತು’ ಎಂಬ ಹೆಂಡತಿಯ ಗೋಳನ್ನು ದಿನಾ ಕೇಳುತ್ತಿದ್ದ ನಂಜಪ್ಪ ನಿಜವನ್ನೇ ಹೇಳಿದರು: “ಹೂಂ ಕಣ್ರೀ. ದಿನಾ ಬೀಳೋದೇ. ಬಿದ್ದ ಮೇಲೆ ಎಬ್ಬಿಸೋದೇ ಇವಳ ಕೆಲಸ.”

ಪಾಪದ ಕರ್ನಲ್ ಸಾಹೇಬರಿಗೆ ಕುಡಿತದ ಚಟವೂ ಅಂಟಿಕೊಂಡಿತು.

ಈ ನಂಜಪ್ಪನವರ ವಿಷಯ ಹೇಳದಿದ್ದರೆ ಸುಲೋಚನಮ್ಮನವರ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಅವರದು ಮೆಣಸು, ಶುಂಠಿಯ ವ್ಯಾಪಾರ. ಅಂಗಡಿಯನ್ನು ತಮ್ಮನ ಮಗನ ಕೈಗೆ ಕೊಟ್ಟಮೇಲೆ ಅವರ ಕೈಗೆ ಉಳಿದದ್ದು ಮೊದಲಿನಿಂದಲೂ ಇದ್ದ ಕ್ಯಾಮೆರಾ ಒಂದೇ. ವರ್ತಕರ ಸಂಘದ ಸಭೆ, ಸನ್ಮಾನ, ಕಬಡ್ಡಿ, ಕಣ್ಣಿನ ತಪಾಸಣೆ ಶಿಬಿರ, ಯಾವುದಿದ್ದರೂ ನಂಜಪ್ಪ ಹಾಜರ್. ಒಂದು ಹಾರ ಹಾಕುವುದನ್ನು ಹತ್ತು ಸಲ ಕ್ಲಿಕ್ಕಿಸುತ್ತಿದ್ದರು, ಒಂದಾದರೂ ಚೆನ್ನಾಗಿ ಬರಲಿ ಎಂದು. ತೆಗೆಯುವುದರಲ್ಲಿ ಎಷ್ಟು ಧಾರಾಳಿಯೋ ಅಳಿಸುವುದರಲ್ಲಿ ಅಷ್ಟೇ ದುಡುಕು. ಒಮ್ಮೆ ತಂಗಿಯ ಮಗಳ ಮದುವೆಯ ಫೋಟೋಗಳಲ್ಲಿ ಮಸುಕಾದ ಒಂದನ್ನು ಅಳಿಸಲು ಹೋಗಿ ಇಡೀ ಮದುವೆಯನ್ನೇ ಅಳಿಸಿಬಿಟ್ಟರು. ಧಾರೆಯೂ ಇಲ್ಲ, ಆರತಕ್ಷತೆಯೂ ಇಲ್ಲ. ಉಳಿದದ್ದು ಅಡುಗೆಯವನು ಬದನೆಕಾಯಿ ಹೆಚ್ಚುತ್ತಿದ್ದ ಒಂದೇ ಚಿತ್ರ. ತಂಗಿ ಒಂದು ವರ್ಷ ಮಾತು ಬಿಟ್ಟಳು.

ಸುಲೋಚನಮ್ಮನವರ ತಲೆಯಲ್ಲಿ ಪದರ ಹುಟ್ಟಿದ್ದು ಆ ಬದನೆಕಾಯಿಯಿಂದ.

ಫೈಲ್ ಸಿಸ್ಟಂ ಒಂದನ್ನು ಬುಡದಿಂದ ಬರೆಯುವುದೆಂದರೆ ಹಲವರು ಹಲವು ವರ್ಷ ಕೂರಬೇಕಾದ ಕೆಲಸ. ಆದರೆ ಇರುವ ಫೈಲ್ ಸಿಸ್ಟಮ್ಮನ್ನು ಮುಟ್ಟದೆ ಅದರ ಮೇಲೆ ಒಂದು ತೆಳು ಪದರ ಕೂರಿಸಬಹುದು. ಕೇಳಿದ್ದೆಲ್ಲ ಮೊದಲು ಪದರಕ್ಕೆ ಬರುತ್ತದೆ. ತನಗೆ ಬೇಕಾದ ಒಂದು ಕೆಲಸವನ್ನು ಅದು ಮಾಡಿ, ಉಳಿದದ್ದನ್ನು ಕೆಳಕ್ಕೆ ದಾಟಿಸುತ್ತದೆ. ಬೇಕಿದ್ದರೆ ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಊಟದ ಹೊತ್ತಿನಲ್ಲಿ ಗಂಡನಿಗೆ ಅವರು ಅದನ್ನು ಹೀಗೆ ಬಿಡಿಸಿ ಹೇಳಿದರು:

“ನಿಮ್ಮ ಫೋಟೋಗಳ ಮೇಲೆ ಒಂದು ಗಾಜು ಇಟ್ಟಿದ್ದೀನಿ ಅಂದ್ಕೊಳ್ಳಿ. ನೀವು ಒಂದನ್ನ ಅಳಿಸಿದಾಗ ನಾನು ಗಾಜಿನ ಮೇಲೆ ಅಷ್ಟು ಜಾಗಕ್ಕೆ ಮಸಿ ಬಳೀತೀನಿ. ನಿಮಗೆ ಫೋಟೋ ಕಾಣಲ್ಲ. ಆದ್ರೆ ಕೆಳಗೆ ಹಾಗೇ ಇರುತ್ತೆ. ನಾಳೆ ನೀವು ಅಯ್ಯೋ ಅಂತ ಅತ್ತರೆ ಮಸಿ ಒರೆಸಿದ್ರಾಯ್ತು.”

“ಅಳಿಸಿದ್ದು ಕಾಣಲ್ಲ ತಾನೇ?”

“ಕಾಣಲ್ಲ.”

“ಅಷ್ಟು ಸಾಕು ಬಿಡು. ಮಜ್ಜಿಗೆ ಹಾಕು.”

ಇಡೀ ವಿವರಣೆಯಲ್ಲಿ ನಂಜಪ್ಪನವರ ಕಿವಿಗೆ ಹೋದದ್ದು ‘ಕಾಣಲ್ಲ’ ಎಂಬುದೊಂದೇ. ಇದರಿಂದ ಮುಂದೆ ಏನಾಯಿತು ಎಂಬುದನ್ನು ಹೇಳುವ ಮೊದಲು, ಆ ಪದರ ಎಷ್ಟು ಕಾಡಿತು ಎಂಬುದನ್ನು ಹೇಳಬೇಕು.

ಮೊದಲು ಅವರು ಬರೆದದ್ದು ಏನೂ ಮಾಡದ ಪದರ. ಮೇಲಿಂದ ಬಂದದ್ದನ್ನು ಇದ್ದ ಹಾಗೇ ಕೆಳಕ್ಕೆ ಕೊಡಬೇಕು, ಕೆಳಗಿಂದ ಬಂದದ್ದನ್ನು ಇದ್ದ ಹಾಗೇ ಮೇಲಕ್ಕೆ ಕೊಡಬೇಕು, ನಡುವೆ ತಾನಿದ್ದೇನೆ ಎಂಬುದೇ ಯಾರಿಗೂ ಗೊತ್ತಾಗಬಾರದು. ಅದು ಸರಿಹೋಗುವುದರೊಳಗೆ ಒಂದು ಮಳೆಗಾಲ ಕಳೆದು ಕಾಫಿ ಹಣ್ಣಾಯಿತು.

“ಇಷ್ಟು ತಿಂಗಳು ಕೂತು ಏನೂ ಮಾಡದೇ ಇರೋದನ್ನ ಮಾಡಿದೆಯಾ?” ಎಂದರು ನಂಜಪ್ಪ.

“ಹೌದು. ಮಧ್ಯದಲ್ಲಿ ಕೂತು ಏನೂ ಮಾಡದೇ ಇರೋದು ಎಷ್ಟು ಕಷ್ಟ ಗೊತ್ತೇನ್ರೀ?”

“ಕಷ್ಟ ಏನು ಬಂತು? ನಮ್ಮ ಸಂಘದ ಕಮಿಟೀಲಿ ಅರ್ಧ ಜನಕ್ಕೆ ಅದು ಹುಟ್ಟಿನಿಂದಲೇ ಬಂದಿದೆ.”

ಆಮೇಲೆ ಮಸಿ ಬಳಿಯುವ ಪದರ ಬಂತು. ಅದರ ಜೊತೆಗೆ ಹೆಸರಿನ ಪದರವೊಂದು ಬೇಕಾಯಿತು, ಯಾಕೆಂದರೆ ನಂಜಪ್ಪ ಒಂದೇ ಮನುಷ್ಯನ ಫೋಟೋಗಳನ್ನು ‘ಸಣ್ಣಸ್ವಾಮಿ’, ‘ಸಣ್ಣ ಸ್ವಾಮಿ’, ‘ಸಣ್ಸಾಮಿ’ ಎಂದು ಬಾಯಿಗೆ ಬಂದಂತೆ ಬರೆದು ಬೇರೆಬೇರೆ ಫೋಲ್ಡರಿನಲ್ಲಿಟ್ಟು, ಆಮೇಲೆ ಕಳೆದುಹೋಯಿತು ಎಂದು ಮನೆಯನ್ನೇ ತಲೆಯ ಮೇಲೆ ಹೊರುತ್ತಿದ್ದರು. ಮೂರನ್ನೂ ಒಂದೇ ಎಂದು ತೋರಿಸುವುದು ಹೆಸರಿನ ಪದರದ ಕೆಲಸ. ಸುಲೋಚನಮ್ಮ ಮೊದಲ ಸಲ ಅದನ್ನು ಕೆಳಗಿಟ್ಟು ಮಸಿಯ ಪದರವನ್ನು ಮೇಲಿಟ್ಟರು. ಮಸಿಯ ಪದರಕ್ಕೆ ಕಂಡದ್ದು ಒಬ್ಬನೇ ಸಣ್ಣಸ್ವಾಮಿ. ನಂಜಪ್ಪ ಖಾಲಿ ಇದ್ದ ‘ಸಣ್ಸಾಮಿ’ ಫೋಲ್ಡರನ್ನು ಅಳಿಸಿದ ಕೂಡಲೇ ಮೂವರೂ ಮಾಯವಾದರು. ಯಾವುದರ ಮೇಲೆ ಯಾವುದು ಕೂರಬೇಕು ಎಂಬುದರಲ್ಲೇ ಈ ವಿದ್ಯೆಯ ಜೀವ ಇದೆ ಎಂದು ಅವರಿಗೆ ಅವತ್ತು ಮನದಟ್ಟಾಯಿತು. ಮೇಲಿನದನ್ನು ಕೆಳಗೆ ಮಾಡಿದರು, ಸಣ್ಣಸ್ವಾಮಿ ತಿರುಗಿ ಬಂದರು.

ಒಂದು ಹಂತಕ್ಕೆ ಬಂದಮೇಲೆ ಸುಲೋಚನಮ್ಮ ಧೈರ್ಯ ಮಾಡಿ ತಮ್ಮ ಬರಹವನ್ನು ಕರ್ನಲ್ ಬರೆಯುವವರ ಮೇಲ್ ಗುಂಪಿಗೆ ಕಳಿಸಿದರು. ಪ್ರಪಂಚದ ನಾನಾ ಮೂಲೆಯ ಜನ ಅಲ್ಲಿ ಒಬ್ಬರ ಕೆಲಸವನ್ನು ಒಬ್ಬರು ಜಾಲಾಡುತ್ತಾರೆ. ಯಾವುದೋ ಚಳಿದೇಶದ ಪುಣ್ಯಾತ್ಮನೊಬ್ಬ ಉತ್ತರ ಬರೆದ. ಅವನದು ನಮಸ್ಕಾರ, ಕುಶಲ ಏನೂ ಇಲ್ಲದ ಒಂದೇ ಸಾಲು: “ಇದು ಯಾರಿಗೆ ಬೇಕು?”

ಸುಲೋಚನಮ್ಮ ಬಹಳ ಹೊತ್ತು ಯೋಚಿಸಿ, ಸುಳ್ಳು ಹೇಳುವುದು ಯಾಕೆ ಎಂದು, “ನನ್ನ ಗಂಡನಿಗೆ” ಎಂದು ಬರೆದರು.

ಅದು ಹೊತ್ತಿಕೊಂಡಿತು. ಬ್ರೆಜಿಲಿನ ಒಬ್ಬಳು, ನನ್ನ ಗಂಡನಿಗೂ ಬೇಕು ಎಂದಳು. ಜಪಾನಿನವನೊಬ್ಬ, ಗಂಡಂದಿರು ಒಟ್ಟಿಗೆ ಎಷ್ಟು ಫೈಲು ಅಳಿಸಬಲ್ಲರು, ಪದರ ಅದನ್ನು ತಾಳುತ್ತದೆಯೇ ಎಂದು ಗಂಭೀರವಾಗಿಯೇ ಕೇಳಿದ. ಚಳಿದೇಶದವನು ಮಾತ್ರ ನಗಲಿಲ್ಲ. ಒಂದೊಂದು ಸಾಲನ್ನೂ ಎತ್ತಿ ಇಲ್ಲಿ ತಪ್ಪು, ಅಲ್ಲಿ ತಪ್ಪು ಎಂದು ಪಟ್ಟು ಹಿಡಿದು ನಿಂತ. ಕೊನೆಗೆ ಒಂದು ಪ್ರಶ್ನೆ ಕೇಳಿದ: “ಪದರವನ್ನು ಬಿಟ್ಟು ಯಾರಾದರೂ ನೇರವಾಗಿ ಕೆಳಗಿನ ಡಿಸ್ಕಿಗೇ ಹೋದರೆ?”

“ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ” ಎಂದು ಸುಲೋಚನಮ್ಮ ಉತ್ತರ ಕೊಟ್ಟರು. ಬರೆಯುವಾಗ ತುಸು ಸಿಟ್ಟೂ ಬಂದಿತ್ತು.

ಆ ವರ್ಷವೇ ವರ್ತಕರ ಸಂಘಕ್ಕೆ ಬೆಳ್ಳಿಹಬ್ಬ ಬಂತು. ಸಂಘದ ಅಧ್ಯಕ್ಷರು ಸಣ್ಣಸ್ವಾಮಿ. ಅಕ್ಕಿ ಗಿರಣಿಯ ಮಾಲೀಕರು, ಬಿಳಿ ಶರ್ಟು, ಬಿಳಿ ಪ್ಯಾಂಟು, ಕಾಗೆಯನ್ನೂ ನಾಚಿಸುವಷ್ಟು ಕಪ್ಪು ಮೀಸೆ. ಸಂಘ ಶುರುವಾದಾಗಿನಿಂದ ಆ ಕುರ್ಚಿಯಿಂದ ಎದ್ದವರಲ್ಲ. ಅವರು ನಂಜಪ್ಪನವರನ್ನು ಕರೆದು, “ಇಷ್ಟು ವರ್ಷದ ಫೋಟೋ ಎಲ್ಲಾ ದೊಡ್ಡ ಪರದೆ ಮೇಲೆ ಬರಬೇಕು ನಂಜಪ್ಪ. ಆದ್ರೆ ನೋಡು, ಚೆನ್ನಾಗಿರೋದು ಮಾತ್ರ” ಎಂದು ಮೀಸೆಯ ತುದಿ ಮುಟ್ಟಿಕೊಂಡರು.

ನಂಜಪ್ಪ ಹಳೆಯದೆಲ್ಲವನ್ನೂ ಒಂದು ಡಿಸ್ಕಿಗೆ ಸೇರಿಸಿ ಆ ಮಳೆಗಾಲವೆಲ್ಲ ಆರಿಸಲು ಕೂತರು. ಕಣ್ಣು ಮುಚ್ಚಿದ್ದು ಅಳಿಸು. ಬಾಯಿ ತೆರೆದದ್ದು ಅಳಿಸು. ಸೊಟ್ಟಗಾದದ್ದು ಅಳಿಸು. ನಡುವೆ ಯಾರಾದರೂ ಅಡ್ಡ ಬಂದಿದ್ದರೆ ಅಳಿಸು. ಸುಲೋಚನಮ್ಮನವರ ಮಸಿಯ ಪದರ ಒಂದೊಂದಕ್ಕೂ ಗುರುತು ಹಾಕಿಕೊಳ್ಳುತ್ತ, ಆ ಗುರುತುಗಳನ್ನು ಮನೆಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತ ನಿಷ್ಠೆಯಿಂದ ದುಡಿಯಿತು. ಡಿಸ್ಕಿನಲ್ಲಿ ಮಾತ್ರ ಒಂದು ಚಿತ್ರವೂ ಅಲ್ಲಾಡಲಿಲ್ಲ. ಕೊನೆಗೆ ಪರದೆಯ ಮೇಲೆ ಉಳಿದವು ಮುತ್ತಿನಂಥ ಚಿತ್ರಗಳು. ಎಲ್ಲದರಲ್ಲೂ ಸಣ್ಣಸ್ವಾಮಿ ದೂರದ ಬೆಟ್ಟ ನೋಡುವವರಂತೆ ತಲೆಯೆತ್ತಿ ನಿಂತಿದ್ದರು.

ಒಂದು ತೊಡಕು ಮಾತ್ರ ಉಳಿದಿತ್ತು. ಮೇಲಿನ ಪದರ ಕೆಳಗಿನ ಫೈಲನ್ನು ಹಿಡಿದುಕೊಂಡರೆ ಕೆಲಸವಾದಮೇಲೆ ಬಿಟ್ಟುಬಿಡಬೇಕು. ಸುಲೋಚನಮ್ಮನವರ ಪದರ ಎಲ್ಲೋ ಒಂದು ಕಡೆ ಹಿಡಿದದ್ದನ್ನು ಬಿಡುವುದು ಮರೆಯುತ್ತಿತ್ತು. ಹಾಗಾಗಿ ಡಿಸ್ಕನ್ನು ತೆಗೆಯಲು ಹೋದಾಗಲೆಲ್ಲ ‘ಡಿಸ್ಕ್ ಬಳಕೆಯಲ್ಲಿದೆ’ ಎಂಬ ಉತ್ತರ.

“ಯಾರು ಬಳಸ್ತಿದ್ದಾರೆ? ಮನೇಲಿರೋದು ನಾವಿಬ್ಬರೇ!” ಎಂದು ನಂಜಪ್ಪ ಸಿಡುಕಿದರು.

“ನನ್ನ ಪದರವೇ ಹಿಡ್ಕೊಂಡಿದೆ.”

“ಬಿಡು ಅಂತ ಹೇಳು ಅದಕ್ಕೆ.”

“ಎಲ್ಲಿ ಹಿಡ್ಕೊಂಡಿದೆ ಅಂತ ಗೊತ್ತಾದ್ರೆ ತಾನೇ ಹೇಳೋದು? ನೀವು ಡಿಸ್ಕ್ ಮುಟ್ಟಬೇಡಿ. ಆರಿಸಿದ್ದನ್ನ ಬೆಳಿಗ್ಗೆ ನಾನೇ ಪೆನ್‌ಡ್ರೈವಿಗೆ ಹಾಕಿಕೊಡ್ತೀನಿ.”

ಬೆಳಿಗ್ಗೆ ಅವರು ಸ್ನಾನಕ್ಕೆ ಹೋದರು. ನಂಜಪ್ಪ ಅಂಚು ಪಂಚೆ ಉಟ್ಟು, ಕ್ಯಾಮೆರಾ ಹೆಗಲಿಗೆ ಹಾಕಿ ಕಾದರು. ಸಂಘದ ಜೀಪು ಹೊರಗೆ ಹಾರನ್ ಹೊಡೆಯಿತು. ಫೋಟೋ ಇರುವುದು ಡಿಸ್ಕಿನಲ್ಲಿ ಅಂದಮೇಲೆ ಪೆನ್‌ಡ್ರೈವು ಯಾಕೆ, ಡಿಸ್ಕನ್ನೇ ಒಯ್ದರಾಯಿತಲ್ಲ ಎಂದು ಅವರಿಗೆ ಹೊಳೆಯಿತು. ಕಂಪ್ಯೂಟರು ‘ಬಳಕೆಯಲ್ಲಿದೆ’ ಎಂದಿತು. ನಂಜಪ್ಪ ಮತ್ತೆ ಒತ್ತಿದರು. ಮತ್ತೆ ಅದೇ ಪಾಡು. ಗದ್ದೆಯ ಕಳೆ ಕೀಳುವಂತೆ ವಯರನ್ನು ಕಿತ್ತು ಡಿಸ್ಕನ್ನು ಜೇಬಿಗೆ ಹಾಕಿಕೊಂಡು ಜೀಪು ಹತ್ತಿದರು.

ಸ್ನಾನ ಮುಗಿಸಿ ಬಂದ ಸುಲೋಚನಮ್ಮ ಮೊದಲು ನೋಡಿದ್ದು ಕಲ್ಲಿನಂತೆ ನಿಂತ ಪರದೆಯನ್ನು. ಆಮೇಲೆ ಡಿಸ್ಕ್ ಇದ್ದ ಜಾಗವನ್ನು. ಗಂಡನಿಗೆ ಫೋನ್ ಮಾಡಿದರೆ, ಅದು ಟೀಪಾಯಿಯ ಮೇಲೆ ಪೇಪರಿನಡಿ ರಿಂಗಾಯಿತು. ಸೀರೆಯ ನೆರಿಗೆಯನ್ನು ಹೇಗೋ ಸಿಕ್ಕಿಸಿಕೊಂಡು ಆಟೋ ಹಿಡಿದರು.

“ಏನ್ ಟೀಚರಮ್ಮ, ಇಷ್ಟು ಅವಸರ? ಕರ್ನಲ್ ಸಾಹೇಬರಿಗೆ ಹುಷಾರಿಲ್ವಾ?” ಎಂದ ಆಟೋದವನು.

“ನೀನು ಗಾಡಿ ಓಡಿಸು ಮಾರಾಯ!”

ಸಮುದಾಯ ಭವನದಲ್ಲಿ ಆಗಲೇ ದೀಪ ಆರಿಸಿದ್ದರು. ಸೋಮವಾರಪೇಟೆಯಿಂದ ಪ್ರೊಜೆಕ್ಟರು, ಮೈಕು ತಂದಿದ್ದ ದೀಕ್ಷಿತ್ ತನ್ನ ಲ್ಯಾಪ್‌ಟಾಪಿಗೆ ಡಿಸ್ಕ್ ಚುಚ್ಚಿ, ಎಲ್ಲ ಚಿತ್ರಗಳೂ ತಾನಾಗಿ ಒಂದಾದಮೇಲೊಂದು ಬರುವಂತೆ ಬಿಟ್ಟಿದ್ದ. ಆ ಲ್ಯಾಪ್‌ಟಾಪಿನಲ್ಲಿ ಪದರವೂ ಇಲ್ಲ, ಮಸಿಯೂ ಇಲ್ಲ.

ಪರದೆಯ ಮೇಲೆ ಸಣ್ಣಸ್ವಾಮಿ ದೀಪ ಬೆಳಗಿಸಿದರು. ಚಪ್ಪಾಳೆ ಬಿತ್ತು. ಮರುಕ್ಷಣ ಅದೇ ದೀಪ, ಸಣ್ಣಸ್ವಾಮಿ ಕಣ್ಣು ಮುಚ್ಚಿದ್ದರು. ಆಮೇಲೆ ದೀಪ ಆರಿಹೋಗಿತ್ತು, ಅವರು ಬೆರಳು ಚೀಪುತ್ತಿದ್ದರು. ಮುಂದೆ ಟೇಪು ಕತ್ತರಿಸುವ ಕಾರ್ಯಕ್ರಮ ಬಂತು. ಕತ್ತರಿ ಹರಿಯದೆ ಸಣ್ಣಸ್ವಾಮಿ ಹಲ್ಲಿನಿಂದಲೇ ಟೇಪು ಕಡಿಯುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸನ್ಮಾನದ ಶಾಲನ್ನು ಅತಿಥಿಗೆ ಬದಲು ಮೈಕಿನವನಿಗೆ ಹೊದಿಸಿದ್ದು, ಖಜಾಂಚಿ ಎರಡು ಹೋಳಿಗೆಯನ್ನು ಒಟ್ಟಿಗೆ ಬಾಯಿಗೆ ತುರುಕಿದ್ದು, ಸ್ವಾಗತದ ಹಾರವನ್ನು ಹಸುವೊಂದು ನಿಧಾನಕ್ಕೆ ಮೇಯ್ದದ್ದು ಎಲ್ಲವೂ ಬಂದವು. ಆಮೇಲೆ ವೇದಿಕೆಯ ನಡುಮಧ್ಯದ ಕುರ್ಚಿಯಲ್ಲಿ ಸಣ್ಣಸ್ವಾಮಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಆ ನಿದ್ದೆಯನ್ನು ನಂಜಪ್ಪ ಎಷ್ಟು ಸಲ ಕ್ಲಿಕ್ಕಿಸಿದ್ದರೆಂದರೆ ಒಂದು ನೊಣ ಬಂದು ಮೀಸೆಯ ಮೇಲೆ ಕೂತು ಎದ್ದು ಹೋಗುವುದು ಪೂರ್ತಿಯಾಗಿ ಕಾಣುತ್ತಿತ್ತು.

ಭವನ ಬಿದ್ದು ಬಿದ್ದು ನಕ್ಕಿತು.

“ನಿಲ್ಸೋ! ನಿಲ್ಸು ಅದನ್ನ!” ಎಂದು ಕೂಗುತ್ತ ಸಣ್ಣಸ್ವಾಮಿ ವೇದಿಕೆಗೆ ಓಡಿ ಪರದೆಗೆ ಅಡ್ಡಲಾಗಿ ಕೈ ಚಾಚಿ ನಿಂತರು. ಪ್ರೊಜೆಕ್ಟರಿನ ಬೆಳಕು ಈಗ ಅವರ ಮೇಲೇ ಬಿತ್ತು. ಬಿಳಿ ಶರ್ಟಿನ ಹೊಟ್ಟೆಯ ಮೇಲೆ ಅವರದೇ ಮುಖ ನಿದ್ದೆ ಹೋಗುತ್ತಿತ್ತು. ದೀಕ್ಷಿತ್ ನಿಲ್ಲಿಸುವವನೇ, ಆದರೆ ಅವನು ಹೊಟ್ಟೆ ಹಿಡಿದುಕೊಂಡು ಟೇಬಲ್ಲಿನ ಕೆಳಗಿದ್ದ. ನಂಜಪ್ಪ ಮೂಲೆಯಲ್ಲಿ ಕಂಬಕ್ಕೆ ಆತುಕೊಂಡು, “ಅಳ್ಸಿದ್ದೆ ಕಣ್ರೀ... ದೇವರಾಣೆ ಅಳ್ಸಿದ್ದೆ...” ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಸುಲೋಚನಮ್ಮ ಜನರ ಕಾಲು ತುಳಿದುಕೊಂಡು ಟೇಬಲ್ಲಿನ ಹತ್ತಿರ ಬಂದು ವಯರಿಗೆ ಕೈ ಹಾಕಿದರು. ಇನ್ನೇನು ಎಳೆಯಬೇಕು, ಅಷ್ಟರಲ್ಲಿ ಬಾಗಿಲ ಕಡೆಯಿಂದ ಒಂದು ದನಿ ಬಂತು:

“ಅಯ್ಯಯ್ಯೋ, ಅದು ನಾನಲ್ವಾ!”

ಮುತ್ತಿ. ಸಂತೆಮಾಳದ ಮೂಲೆಯಲ್ಲಿ ಟೀ ಅಂಗಡಿ ಇಟ್ಟಿರುವವಳು, ಸಂಘದ ಎಲ್ಲ ಸಭೆಗಳಿಗೂ ಟೀ ಅವಳದೇ. ಅವತ್ತೂ ದೊಡ್ಡ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪರದೆಯಲ್ಲಿ ಅವಳು ಗ್ಲಾಸಿನ ಟ್ರೇ ಹಿಡಿದು ಗಣ್ಯರ ಸಾಲಿನ ಮುಂದೆ ಹಾದುಹೋಗುತ್ತಿದ್ದಳು. ಮುಂದಿನದರಲ್ಲೂ ಅವಳೇ. ಅದರ ಮುಂದಿನದರಲ್ಲೂ. ಧ್ವಜಾರೋಹಣಕ್ಕೆ ಅಡ್ಡ, ಬಹುಮಾನ ವಿತರಣೆಗೆ ಅಡ್ಡ, ಉದ್ಘಾಟನೆಗೆ ಅಡ್ಡ. ತಲೆಗೂದಲು ಕಪ್ಪಾಗಿದ್ದ ಮುತ್ತಿ, ಬಸುರಿ ಮುತ್ತಿ, ಕಂಕುಳಲ್ಲಿ ಕೂಸು ಹೊತ್ತ ಮುತ್ತಿ, ಕನ್ನಡಕ ಬಂದ ಮುತ್ತಿ. ಅಡ್ಡ ಬಂದಳೆಂದು ನಂಜಪ್ಪ ಅಳಿಸಿದ ಚಿತ್ರಗಳೆಲ್ಲದರಲ್ಲೂ ಅವಳಿದ್ದಳು. ಉಳಿಸಿಕೊಂಡ ಮುತ್ತಿನಂಥ ಚಿತ್ರಗಳಲ್ಲಿ ಒಂದರಲ್ಲೂ ಇರಲಿಲ್ಲ.

ಸುಲೋಚನಮ್ಮನವರ ಕೈ ವಯರಿನ ಮೇಲೇ ನಿಂತಿತು. ಆ ಮಸಿಯನ್ನೆಲ್ಲ ಬಳಿದದ್ದು ಅವರ ಪದರವೇ. ಎಷ್ಟು ಚೊಕ್ಕವಾಗಿ ಬಳಿಯುತ್ತದೆ ಎಂದು ಅವರು ಹೆಮ್ಮೆಪಟ್ಟೂ ಇದ್ದರು. ನಗು ಕ್ರಮೇಣ ತಗ್ಗಿತು. ಯಾರೋ, “ಮುತ್ತಿ, ಅದು ನಿನ್ನ ಮಗ ಅಲ್ವೇನೇ?” ಎಂದರು. “ಹೂಂ, ಈಗ ಕಕ್ಕಬೆ ಹೋಂಸ್ಟೇನಲ್ಲಿ ಅಡುಗೆಗಿದ್ದಾನೆ” ಎಂದು ಮುತ್ತಿ ಕೆಟಲ್ ಕೆಳಗಿಟ್ಟು ಮುಂದಕ್ಕೆ ಬಂದಳು. ಮೊದಲ ಸಾಲಿನಲ್ಲಿ ಅಧ್ಯಕ್ಷರ ಕುರ್ಚಿ ಖಾಲಿಯಿತ್ತಲ್ಲ, ಅದರಲ್ಲೇ ಕೂತು ಕೊನೆಯವರೆಗೂ ನೋಡಿದಳು. ಸಣ್ಣಸ್ವಾಮಿ ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ ಮುಖ ಒರೆಸಿಕೊಳ್ಳುತ್ತ ಕೂತರು. ಸುಲೋಚನಮ್ಮ ವಯರು ಕೀಳಲಿಲ್ಲ. ಅವತ್ತು ಟೀ ಯಾರಿಗೂ ಸಿಗಲಿಲ್ಲ.

ಮನೆಗೆ ಬಂದಮೇಲೆ ಗಂಡ ಹೆಂಡತಿಗೆ ಒಳ್ಳೆಯ ಜಗಳವಾಯಿತು.

“ಅಳಿಸಿದ್ದು ಕಾಣಲ್ಲ ಅಂದಿದ್ದೆ ನೀನು!”

“ಪದರದ ಮೂಲಕ ಕಾಣಲ್ಲ ಅಂದಿದ್ದೆ. ನೀವು ಪದರ ಬಿಟ್ಟು ಡಿಸ್ಕನ್ನೇ ಕಿತ್ಕೊಂಡು ಹೋದ್ರೆ?”

“ಹಾಗಾದ್ರೆ ಇದು ಪದರ ಅಲ್ಲ, ಕಣ್ಕಟ್ಟು!”

ಚಳಿದೇಶದವನು ಕೇಳಿದ್ದೂ ಇದನ್ನೇ. ಮರುದಿನ ಅವರು ಗುಂಪಿಗೆ ಮೇಲ್ ಬರೆದರು. ‘ನಿಮ್ಮ ಪ್ರಶ್ನೆ ಸರಿಯಾಗಿತ್ತು. ನಮ್ಮ ಮನೆಯಲ್ಲಿ ಅಂಥವರು ಒಬ್ಬರಿದ್ದಾರೆ. ಬಳಕೆಯಲ್ಲಿದ್ದ ಕೆಳಗಿನ ಡಿಸ್ಕನ್ನು ಕಿತ್ತುಕೊಂಡು ಹೋಗಿ ಊರಿಗೆಲ್ಲ ತೋರಿಸಿದರು’ ಎಂದು ನಡೆದದ್ದನ್ನೆಲ್ಲ ಬಿಡದೆ ಬರೆದರು. ನೊಣದ ವಿಷಯವನ್ನೂ ಬಿಡಲಿಲ್ಲ. ಚಳಿದೇಶದವನು ಮೊದಲ ಸಲ ನಮಸ್ಕಾರ ಹೇಳಿ ಉತ್ತರ ಬರೆದ. ತಾನು ಆಫೀಸಿನಲ್ಲಿ ಗಟ್ಟಿಯಾಗಿ ನಕ್ಕು ಪಕ್ಕದವರ ಹತ್ತಿರ ಬೈಸಿಕೊಂಡೆ ಎಂದ. ಪದರವನ್ನು ಮಾತ್ರ ಅವನು ಒಪ್ಪಲಿಲ್ಲ, ಇನ್ನೂ ಬಹಳ ಕೆಲಸವಿದೆ ಎಂದ. ಹಿಡಿದದ್ದನ್ನು ಬಿಡದ ತಪ್ಪು ಎಲ್ಲಿದೆ ಎಂದು ತೋರಿಸಿಕೊಟ್ಟವನೂ ಅವನೇ. ಹೆಸರು ಹುಡುಕಿ ಸಿಗದೆ ವಾಪಸು ಬರುವ ದಾರಿಯಲ್ಲಿ ‘ಹಿಡಿದದ್ದನ್ನು ಬಿಡು’ ಎನ್ನುವ ಒಂದು ಸಾಲು ಬಿಟ್ಟುಹೋಗಿತ್ತು. ಸುಲೋಚನಮ್ಮ ಹಣೆ ಚಚ್ಚಿಕೊಂಡರು.

ಆದರೆ ಅವರು ಆ ಘಟನೆಯನ್ನು ಹಾಗೇ ನಡೆಸಿ ನೋಡಲು ಬರೆದ ಒಂದು ಸಣ್ಣ ಪರೀಕ್ಷೆಯನ್ನು ಗುಂಪಿನವರು ಇಷ್ಟಪಟ್ಟು ತಮ್ಮ ಪರೀಕ್ಷೆಗಳ ಕಂತೆಗೆ ಸೇರಿಸಿಕೊಂಡರು. ಪದರದ ಕೆಳಗಿನ ಡಿಸ್ಕನ್ನು ಹೇಳದೆ ಕೇಳದೆ ಕಿತ್ತರೆ ಏನಾಗುತ್ತದೆ ಎಂದು ನೋಡುವ ಪರೀಕ್ಷೆ. ಬ್ರೆಜಿಲಿನವಳು ಅದಕ್ಕೆ ‘ನಂಜಪ್ಪ’ ಎಂದು ಹೆಸರಿಟ್ಟಳು. ಈಗ ಎಲ್ಲೆಲ್ಲಿಂದಲೋ ಮೇಲ್ ಬರುತ್ತದೆ: ‘ನಂಜಪ್ಪ ಇವತ್ತೂ ಫೇಲ್’, ‘ಹೊಸ ಯಂತ್ರದಲ್ಲಿ ನಂಜಪ್ಪ ಪಾಸ್’.

“ಹಗಲು ರಾತ್ರಿ ಕೂತು ಬರೆದೋಳು ನಾನು, ಹೆಸರು ನಿಮ್ದು” ಎಂದರು ಸುಲೋಚನಮ್ಮ.

“ಎಸೆಸೆಲ್ಸಿ ಗಣಿತದಲ್ಲಿ ಊರಿಗೆ ಗೊತ್ತಾಗೋ ಹಾಗೆ ಫೇಲಾಗಿದ್ದೆ,” ಎಂದರು ನಂಜಪ್ಪ, “ಈಗ ಪ್ರಪಂಚಕ್ಕೇ ಗೊತ್ತಾಗೋ ಹಾಗೆ ಮಾಡಿದೆ.” ಆದರೂ ತಮ್ಮನ ಮಗನ ಅಂಗಡಿಗೆ ಬಂದವರಿಗೆಲ್ಲ ಆ ಮೇಲುಗಳನ್ನು ತೋರಿಸುವುದನ್ನು ಬಿಡಲಿಲ್ಲ.

ಈ ನಡುವೆ ಒಂದು ಮಧ್ಯಾಹ್ನ ಮುತ್ತಿ ಮನೆಗೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು.

“ಅಮ್ಮಾವ್ರೆ, ನಂದು ಒಂದು ಫೋಟೋ ಬೇಕಿತ್ತು.”

ಸುಲೋಚನಮ್ಮ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಕಾಫಿ ಕೊಟ್ಟು, ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಮುತ್ತಿ ಬಲು ಕಷ್ಟದ ಗಿರಾಕಿ. ಇದರಲ್ಲಿ ಸೆರಗು ಸರಿಯಿಲ್ಲ. ಇದರಲ್ಲಿ ಬೆನ್ನು ಮಾತ್ರ ಇದೆ, ಬೆನ್ನನ್ನು ಯಾರು ನೋಡುತ್ತಾರೆ? ಇದರಲ್ಲಿ ಗಂಡ ಹಿಂದಿನ ದಿನ ಜಗಳ ಆಡಿದ್ದ, ಮುಖ ನೋಡಿದರೇ ಗೊತ್ತಾ­ಗುತ್ತೆ, ಅಳಿಸಿಬಿಡಿ. ಸುಲೋಚನಮ್ಮ ಅಳಿಸಿದರು. ಮುತ್ತಿ ಪರದೆಯನ್ನೇ ದಿಟ್ಟಿಸಿ ಕೇಳಿದಳು:

“ಇದು ಹೋಯ್ತಾ, ಇಲ್ಲಾ ಮತ್ತೆ ಹಬ್ಬದ ದಿನ ಬರುತ್ತಾ?”

ಸುಲೋಚನಮ್ಮನವರ ಮುಖ ಕೆಂಪಾಯಿತು. “ಇಲ್ಲ ಮುತ್ತಿ, ನಿಜವಾಗಿ ಹೋಗೋ ಹಾಗೆ ಮಾಡಿಕೊಡ್ತೀನಿ” ಎಂದರು. ಅಂಥದೊಂದು ಆಜ್ಞೆ ಅವರ ಪದರದಲ್ಲಿ ಇರಲೇ ಇಲ್ಲ. ಯಾರಿಗೂ ಏನೂ ಕಳೆದುಹೋಗದಂತೆ ನೋಡಿಕೊಳ್ಳುವುದರಲ್ಲೇ ಮುಳುಗಿದ್ದವರಿಗೆ, ಒಬ್ಬರಿಗೆ ಏನಾದರೂ ನಿಜವಾಗಿಯೂ ಹೋಗಲಿ ಎಂದು ಅನಿಸಬಹುದು ಎಂಬುದು ತೋಚಿರಲೇ ಇಲ್ಲ. ಮುಂದಿನ ವಾರವೆಲ್ಲ ಅವರು ಕೂತದ್ದು ಅದಕ್ಕೇ. ಈ ಸಲ ‘ಯಾರಿಗೆ ಬೇಕು’ ಎಂದು ಗುಂಪಿನಲ್ಲಿ ಯಾರೂ ಕೇಳಲಿಲ್ಲ.

ಕೊನೆಗೆ ಮುತ್ತಿ ಒಂದು ಚಿತ್ರ ಒಪ್ಪಿದಳು. ಮಳೆಗಾಲದ ಯಾವುದೋ ಸಭೆ. ಕೆಸರಿನ ಬೂಟಿನಲ್ಲಿ ಒಳಗೆ ಬಂದ ಸಣ್ಣಸ್ವಾಮಿಯವರನ್ನು ಮುತ್ತಿ ಪೊರಕೆ ಹಿಡಿದು, ಗಲ್ಲ ಮುಂದೆ ಮಾಡಿ, ಬಾಗಿಲಲ್ಲೇ ತಡೆದು ನಿಲ್ಲಿಸಿದ್ದಳು. ಅಧ್ಯಕ್ಷರು ಒಂದು ಕಾಲು ಮೇಲೆತ್ತಿ ಕೊಕ್ಕರೆಯಂತೆ ನಿಂತಿದ್ದರು.

ನಂಜಪ್ಪ ಗಾಬರಿಯಾದರು. ಸಣ್ಣಸ್ವಾಮಿ ಮಾತು ಬಿಟ್ಟು ಆಗಲೇ ಬಹಳ ದಿನವಾಗಿತ್ತು. “ಮುತ್ತಿ, ಅವರನ್ನ ಕತ್ತರಿಸಿ ನಿನ್ನೊಬ್ಬಳನ್ನೇ ದೊಡ್ಡದು ಮಾಡಿಕೊಡ್ತೀನಿ.”

“ಬ್ಯಾಡ ಬ್ಯಾಡ, ಅವರೂ ಇರ್ಲಿ,” ಎಂದಳು ಮುತ್ತಿ. “ಅವರಿಲ್ದೆ ಹೋದ್ರೆ ನಾನು ಯಾರಿಗೆ ಬೈತಿದ್ದೆ ಅಂತ ಜನಕ್ಕೆ ಹೆಂಗೆ ಗೊತ್ತಾಗ್ಬೇಕು?”

ಚೌಕಟ್ಟು ಹಾಕಿಸಿದ ಆ ಚಿತ್ರ ಈಗ ಸಂತೆಮಾಳದ ಟೀ ಅಂಗಡಿಯಲ್ಲಿ, ಬಿಸ್ಕತ್ ಡಬ್ಬಗಳ ಮೇಲೆ ನೇತಾಡುತ್ತಿದೆ. ಸಣ್ಣಸ್ವಾಮಿ ಸ್ವಲ್ಪ ದಿನ ಬೇರೆ ಕಡೆ ಟೀ ಕುಡಿದು ನೋಡಿದರು. ಅಲ್ಲಿ ಶುಂಠಿ ಸರಿಯಾಗಿ ಹಾಕುವುದಿಲ್ಲವಂತೆ. ಈಗ ಮತ್ತೆ ಮುತ್ತಿಯ ಅಂಗಡಿಗೇ ಬರುತ್ತಾರೆ. ಚಿತ್ರಕ್ಕೆ ಬೆನ್ನು ಹಾಕಿ ಬೆಂಚಿನ ತುದಿಯಲ್ಲಿ ಕೂತು, ಬೂಟನ್ನು ಹೊರಗೇ ಬಿಟ್ಟು, ಟೀ ಕುಡಿದು ಹೋಗುತ್ತಾರೆ.